ಪುರಾಣದಿಂದ ಹದಿಹರೆಯದವರ ಸಾಹಸ ಕಾದಂಬರಿ ಬರೆಯುವುದು ಹೇಗೆ? ಉತ್ತಂಕನ ಕತೆ ಹಿಡಿದು ನೋಡೋಣ

ಪುರಾಣ ಇಟ್ಟುಕೊಂಡು ಹುಡುಗರಿಗೆ ಒಂದು ಫ್ಯಾಂಟಸಿ ಕಾದಂಬರಿ ಬರೆಯಬೇಕು ಅಂತ ಕೂತವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಅಸ್ತ್ರಗಳ ಪಟ್ಟಿ. ಬ್ರಹ್ಮಾಸ್ತ್ರ, ನಾಗಾಸ್ತ್ರ, ಅದಕ್ಕೆ ಇದು ಎದುರು, ಇದಕ್ಕೆ ಅದು ಎದುರು. ಆಮೇಲೆ ಒಬ್ಬ ಕಾಲೇಜು ಹುಡುಗ ಬರುತ್ತಾನೆ, ತಾನು ಯಾವುದೋ ದೇವರ ಅಂಶ ಅಂತ ಅವನಿಗೆ ಗೊತ್ತಾಗುತ್ತದೆ, ಕೈಯಿಂದ ಬೆಂಕಿ ಬರುತ್ತದೆ, ಮೂರನೇ ಅಧ್ಯಾಯಕ್ಕೆ ಕತೆ ನಿಂತುಹೋಗುತ್ತದೆ. ನಿಲ್ಲಲೇಬೇಕು. ಎಲ್ಲವೂ ಮಾಡಬಲ್ಲವನಿಗೆ ಮಾಡಲು ಏನು ಉಳಿಯಿತು?

ನಮ್ಮ ಪುರಾಣಗಳಲ್ಲಿ ಕತೆ ಹುಟ್ಟುವುದು ಷರತ್ತಿನಿಂದ. ಇಷ್ಟು ದಿನದೊಳಗೆ ತಾ. ನೆಲದ ಮೇಲೆ ಇಡಬೇಡ. ಕೊಟ್ಟ ಮಾತು ವಾಪಸ್ ತಗೋಬೇಡ. ಈ ಷರತ್ತುಗಳನ್ನು ಹುಡುಕಿ ತೆಗೆದರೆ ಕಾದಂಬರಿಯ ಅರ್ಧ ಕೆಲಸ ಮುಗಿದ ಹಾಗೆ. ಹೇಗೆ ಅಂತ ಒಂದೇ ಕತೆ ಹಿಡಿದು ಹೇಳುತ್ತೇನೆ.

ಚಿಕ್ಕ ಕತೆಯನ್ನೇ ಆರಿಸಿ

ಕರ್ಣ, ಅರ್ಜುನ, ದ್ರೌಪದಿ ಇವರನ್ನು ಸದ್ಯಕ್ಕೆ ಬಿಟ್ಟುಬಿಡಿ. ಇವರ ಬಗ್ಗೆ ಓದುಗರಿಗೆ ಆಗಲೇ ಒಂದು ಅಭಿಪ್ರಾಯ ಇರುತ್ತದೆ, ಅದನ್ನು ಅಲ್ಲಾಡಿಸುವುದರಲ್ಲೇ ನಿಮ್ಮ ನೂರು ಪುಟ ಹೋಗುತ್ತದೆ. ಮಹಾಭಾರತದ ಆದಿಪರ್ವದ ಮೊದಮೊದಲ ಅಧ್ಯಾಯಗಳನ್ನು ಓದಿ. ಪಾಂಡವರ ಕತೆ ಶುರುವಾಗುವುದಕ್ಕೂ ಮುಂಚೆ ಅಲ್ಲಿ ಎಷ್ಟು ಜನ ಹುಡುಗರಿದ್ದಾರೆ ನೋಡಿ. ಗದ್ದೆಯ ಒಡ್ಡು ಒಡೆದು ನೀರು ಹೋಗುತ್ತಿದೆ ಅಂತ ತಾನೇ ಅಡ್ಡ ಮಲಗಿದ ಆರುಣಿ. ಎಕ್ಕದ ಎಲೆ ತಿಂದು ಕುರುಡನಾಗಿ ಬಾವಿಗೆ ಬಿದ್ದ ಉಪಮನ್ಯು. ಹಾವು ಕಚ್ಚಿ ಸತ್ತ ಹುಡುಗಿಗೆ ತನ್ನ ಅರ್ಧ ಆಯುಷ್ಯ ಕೊಟ್ಟ ರುರು. ಇವರಲ್ಲದೆ ತನ್ನ ಮರಿಗೆ ಸುಮ್ನೆ ಹೊಡೆದರು ಅಂತ ಜನಮೇಜಯ ರಾಜನಿಗೇ ಶಾಪ ಕೊಟ್ಟ ಸರಮೆ ಎಂಬ ದೇವಲೋಕದ ನಾಯಿ.

ಇವರ ನಡುವೆ ಉತ್ತಂಕ ಇದ್ದಾನೆ. ಪೌಷ್ಯಪರ್ವ ಅನ್ನುವ ಸಣ್ಣ ಭಾಗದಲ್ಲಿ ಅವನ ಕತೆ ಬರುತ್ತದೆ. ವೇದ ಎಂಬ ಗುರುವಿನ ಶಿಷ್ಯ. ಓದು ಮುಗಿದಿದೆ, ಗುರುದಕ್ಷಿಣೆ ಏನು ಕೊಡಲಿ ಅಂತ ಕೇಳುತ್ತಾನೆ. ಗುರು ನನ್ನ ಹೆಂಡತಿಯನ್ನು ಕೇಳು ಅನ್ನುತ್ತಾನೆ. ಆಕೆ ಪೌಷ್ಯ ರಾಜನ ಹೆಂಡತಿ ಹಾಕಿಕೊಳ್ಳುವ ಕುಂಡಲ ಬೇಕು ಅನ್ನುತ್ತಾಳೆ. ಇವತ್ತಿನಿಂದ ನಾಲ್ಕನೇ ದಿನ ವ್ರತ ಇದೆ, ಅವತ್ತು ಅದನ್ನು ಹಾಕಿಕೊಂಡು ಬಡಿಸಬೇಕು, ಅಷ್ಟರೊಳಗೆ ತಾ. ಅಷ್ಟೇ. ಒಬ್ಬ ಹುಡುಗ, ಒಂದು ವಸ್ತು, ನಾಲ್ಕು ದಿನ. ಸಾಹಸ ಕಾದಂಬರಿಗೆ ಇದಕ್ಕಿಂತ ಗಟ್ಟಿ ತಳಪಾಯ ಬೇಕಾ?

ಮುಂದಿನದು ಗೊತ್ತಿಲ್ಲದವರಿಗೆ ಬೇಗ ಹೇಳುತ್ತೇನೆ. ದಾರಿಯಲ್ಲಿ ಒಂದು ಭಾರೀ ಎತ್ತು, ಅದರ ಮೇಲೆ ಅಷ್ಟೇ ಭಾರೀ ಮನುಷ್ಯ ಸಿಗುತ್ತಾನೆ. ಈ ಎತ್ತಿನ ಸಗಣಿ ತಿನ್ನು ಅನ್ನುತ್ತಾನೆ, ನಿನ್ನ ಗುರುವೂ ತಿಂದಿದ್ದಾನೆ ಅಂತ ಬೇರೆ ಸೇರಿಸುತ್ತಾನೆ. ಹುಡುಗ ತಿಂದು, ಅವಸರದಲ್ಲಿ ನಿಂತುಕೊಂಡೇ ಬಾಯಿ ತೊಳೆದು ಹೋಗುತ್ತಾನೆ. ಅರಮನೆಯಲ್ಲಿ ರಾಣಿ ಕಾಣಿಸುವುದೇ ಇಲ್ಲ. ಎಂಜಲು ಬಾಯಿಯವರಿಗೆ ಆಕೆ ಕಾಣುವುದಿಲ್ಲ ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಸರಿಯಾಗಿ ತೊಳೆದುಕೊಂಡು ಹೋದ ಮೇಲೆ ಆಕೆ ಕುಂಡಲ ಕೊಟ್ಟು, ನಾಗರಾಜ ತಕ್ಷಕನಿಗೆ ಇದರ ಮೇಲೆ ಕಣ್ಣಿದೆ, ಹುಷಾರು ಅನ್ನುತ್ತಾಳೆ. ವಾಪಸ್ ಬರುವಾಗ ಒಬ್ಬ ಬೆತ್ತಲೆ ಸನ್ಯಾಸಿ, ಒಂದು ಸಲ ಕಾಣುತ್ತಾನೆ, ಒಂದು ಸಲ ಮಾಯ. ನೀರಿಗೆ ಹೋಗುವಾಗ ಉತ್ತಂಕ ಕುಂಡಲ ನೆಲದ ಮೇಲೆ ಇಡುತ್ತಾನೆ. ಸನ್ಯಾಸಿ ಕಸಿದುಕೊಂಡು ಓಡುತ್ತಾನೆ, ಹಿಡಿದರೆ ತಕ್ಷಕನಾಗಿ ನೆಲದ ಬಿಲದೊಳಗೆ ಇಳಿಯುತ್ತಾನೆ. ಹುಡುಗ ಕೋಲಿನಿಂದ ಅಗೆಯುತ್ತಾನೆ. ಇಂದ್ರ ಕನಿಕರಪಟ್ಟು ಆ ಕೋಲಿಗೆ ವಜ್ರಾಯುಧ ಸೇರಿಸುತ್ತಾನೆ. ಅಲ್ಲಿಂದ ನಾಗಲೋಕ.

ಮೂಲವನ್ನು ಎರಡು ಕಡೆಯಿಂದ ಓದಿ

ಇದೇ ಕತೆ ಮಹಾಭಾರತದಲ್ಲೇ ಇನ್ನೊಂದು ಸಲ ಬರುತ್ತದೆ, ಆಶ್ವಮೇಧಿಕ ಪರ್ವದಲ್ಲಿ. ಅಲ್ಲಿ ಗುರು ಗೌತಮ, ಗುರುಪತ್ನಿ ಅಹಲ್ಯೆ, ಕುಂಡಲ ಇರುವುದು ಮದಯಂತಿಯ ಹತ್ತಿರ. ಅವಳ ಗಂಡ ಸೌದಾಸ ಶಾಪದಿಂದ ನರಭಕ್ಷಕನಾಗಿದ್ದಾನೆ. ಉತ್ತಂಕನ ವಯಸ್ಸೂ ಬೇರೆ. ಸೇವೆ ಮಾಡುತ್ತಾ ಮಾಡುತ್ತಾ ನೂರು ವರ್ಷ ಕಳೆದದ್ದು ಅವನಿಗೇ ಗೊತ್ತಾಗಿಲ್ಲ. ಒಂದು ದಿನ ಸೌದೆ ಹೊರೆ ಇಳಿಸುವಾಗ ಜಟೆ ಕಟ್ಟಿಗೆಗೆ ಸಿಕ್ಕಿಕೊಂಡು, ಕೂದಲು ಬೆಳ್ಳಗಾಗಿರುವುದು ಕಂಡು ಅಳುತ್ತಾನೆ. ಗುರುವಿನ ಮಗಳು ಆ ಕಣ್ಣೀರನ್ನು ಬೊಗಸೆಯಲ್ಲಿ ಹಿಡಿಯುತ್ತಾಳೆ, ಅವಳ ಕೈ ಸುಡುತ್ತದೆ. ಗುರು ಅವನನ್ನು ಮತ್ತೆ 16ರ ಹುಡುಗನಾಗಿ ಮಾಡುತ್ತಾನೆ. ನೂರು ವರ್ಷದ ನೆನಪು, ಹದಿನಾರರ ಮೈ. ಹದಿಹರೆಯದವರ ಕಾದಂಬರಿ ಬರೆಯುವವರಿಗೆ ಇದು ಬಿಟ್ಟಿ ಸಿಕ್ಕ ಐಡಿಯಾ, ಇಲ್ಲಿವರೆಗೆ ಇದನ್ನು ಕನ್ನಡದಲ್ಲಿ ನಾವೆಲ್ಲ ಜಾಸ್ತಿ ಬಳಸಬೇಕಿತ್ತು ಅಂತ ನನಗೆ ಅನಿಸುತ್ತದೆ.

ಒಂದೇ ಗ್ರಂಥದಲ್ಲಿ ಒಂದು ಕತೆ ಎರಡು ರೀತಿ ಇದೆ ಅಂದರೆ ನಿಮಗೆ ಬದಲಾಯಿಸುವ ಹಕ್ಕು ಆಗಲೇ ಸಿಕ್ಕಿದೆ ಅಂತ ತಿಳಿಯಿರಿ. ಆದರೆ ಎರಡನ್ನೂ ಓದಿ ಬದಲಾಯಿಸಿ. ಟೀವಿ ಧಾರಾವಾಹಿ ನೆನಪಿನಿಂದ ಬರೆಯಬೇಡಿ. ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ನಿಲ್ಲುತ್ತದೆ, ಹಾಗಾಗಿ ಆಶ್ವಮೇಧಿಕ ಅಲ್ಲಿ ಸಿಗಲ್ಲ. ಪೂರ್ತಿ ವ್ಯಾಸಭಾರತದ ಗದ್ಯಾನುವಾದವೇ ಬೇಕು. ಲೈಬ್ರರಿಯಲ್ಲಿ ಕೂತು ಓದುವಾಗ ಕತೆಯ ಸಾರಾಂಶ ಬರೆದುಕೊಳ್ಳಬೇಡಿ, ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಮೂರು ವಿಷಯ ಮಾತ್ರ ಬರೆದುಕೊಳ್ಳಿ: ಯಾರು ಯಾರಿಗೆ ಏನು ಬಾಕಿ ಇದೆ, ಯಾವುದು ಮಾಡಿದರೆ ಏನಾಗುತ್ತದೆ, ಮತ್ತು ಯಾರು ಒಂದೇ ಸಾಲಿನಲ್ಲಿ ಬಂದು ಹೋಗುತ್ತಾರೆ.

ಷರತ್ತುಗಳನ್ನು ಕತೆಯಾಗಿ ಬಿಚ್ಚುವುದು

ಎರಡನೇ ಕತೆಯಲ್ಲಿ ಮದಯಂತಿ ಕುಂಡಲದ ನಿಯಮ ಹೇಳುತ್ತಾಳೆ. ನೆಲದ ಮೇಲೆ ಇಟ್ಟರೆ ನಾಗಗಳು ಒಯ್ಯುತ್ತವೆ. ಎಂಜಲಾಗಿದ್ದಾಗ ಹಾಕಿಕೊಂಡಿದ್ದರೆ ಯಕ್ಷರು ಒಯ್ಯುತ್ತಾರೆ. ಹಾಕಿಕೊಂಡು ನಿದ್ದೆ ಮಾಡಿದರೆ ದೇವತೆಗಳು ಒಯ್ಯುತ್ತಾರೆ. ಇನ್ನೊಂದು ಕಡೆ ಲಾಭವೂ ಇದೆ. ಅದು ಚಿನ್ನ ಸುರಿಸುತ್ತದೆ, ಹಾಕಿಕೊಂಡವರಿಗೆ ಹಸಿವು, ಬಾಯಾರಿಕೆ, ಭಯ ಇರುವುದಿಲ್ಲ, ಗಿಡ್ಡ ಇರುವವರಿಗೆ ಗಿಡ್ಡದಾಗುತ್ತದೆ, ಎತ್ತರದವರಿಗೆ ದೊಡ್ಡದಾಗುತ್ತದೆ.

ಇದನ್ನು ಮೊದಲನೇ ಕತೆಯ ನಾಲ್ಕು ದಿನಕ್ಕೆ ಜೋಡಿಸಿ. ಈಗ ನಿಮ್ಮ ಹುಡುಗ ಕುಂಡಲ ಕೆಳಗಿಡುವ ಹಾಗಿಲ್ಲ, ತಿಂದ ಬಾಯಲ್ಲಿ ಹಾಕಿಕೊಳ್ಳುವ ಹಾಗಿಲ್ಲ, ಹಾಕಿಕೊಂಡು ಮಲಗುವ ಹಾಗಿಲ್ಲ. ಹಾಕಿಕೊಂಡರೆ ಹಸಿವೂ ಇಲ್ಲ, ಭಯವೂ ಇಲ್ಲ, ಆದರೆ ಕಣ್ಣು ಮುಚ್ಚಿದರೆ ಹೋಯಿತು. ತೆಗೆದರೆ ಹಸಿವು ಒಟ್ಟಿಗೇ ಬಂದು ಬೀಳುತ್ತದೆ, ಎಲ್ಲಿಡುವುದು ಅನ್ನುವ ಚಿಂತೆ ಬೇರೆ. ಪ್ರತಿ ರಾತ್ರಿ ಒಂದು ತೀರ್ಮಾನ ಮಾಡಲೇಬೇಕು. ನೀವು ಖಳನಾಯಕನನ್ನು ಕಳಿಸುವ ಮುಂಚೆಯೇ ಓದುವ ಹುಡುಗಿ ಪುಟ ತಿರುಗಿಸುತ್ತಿರುತ್ತಾಳೆ. ಹೊಸ ಮಂತ್ರಶಕ್ತಿ ಕಂಡುಹಿಡಿಯುವ ಅಗತ್ಯವೇ ಬರಲಿಲ್ಲ ನೋಡಿ.

ಇಲ್ಲಿ ಒಂದು ಕಟ್ಟುನಿಟ್ಟು ಇರಲಿ. ಒಮ್ಮೆ ನಿಯಮ ಹೇಳಿದಿರಿ ಅಂದರೆ ಅದನ್ನು ನಿಮ್ಮ ಅನುಕೂಲಕ್ಕೆ ಮುರಿಯಬಾರದು. ಮೂರು ನಿಯಮ ಹೇಳಿದ್ದರೆ ಮೂರೂ ಒಮ್ಮೆಯಾದರೂ ಕತೆಯಲ್ಲಿ ಕಚ್ಚಬೇಕು. ಹಾಗೇ ಶಾಪದ ವಿಷಯ. ಪೌಷ್ಯನ ಮನೆಯಲ್ಲಿ ಉತ್ತಂಕನಿಗೆ ಬಡಿಸಿದ ಅನ್ನ ತಣ್ಣಗಿರುತ್ತದೆ, ಅದರಲ್ಲಿ ಕೂದಲು ಬೇರೆ. ಹುಡುಗ ಸಿಟ್ಟಿನಲ್ಲಿ ನೀನು ಕುರುಡನಾಗು ಅನ್ನುತ್ತಾನೆ. ರಾಜ ನಿನಗೆ ಮಕ್ಕಳಾಗದಿರಲಿ ಅನ್ನುತ್ತಾನೆ. ಆಮೇಲೆ ನೋಡಿದರೆ ಅನ್ನ ನಿಜವಾಗಿಯೂ ಕೆಟ್ಟಿದೆ. ಉತ್ತಂಕ ತನ್ನ ಶಾಪವನ್ನು ಕಡಿಮೆ ಮಾಡುತ್ತಾನೆ, ಕುರುಡಾದರೂ ಬೇಗ ಸರಿಹೋಗುತ್ತದೆ ಅನ್ನುತ್ತಾನೆ. ರಾಜನಿಗೆ ವಾಪಸ್ ತಗೊಳ್ಳಲು ಆಗುವುದೇ ಇಲ್ಲ. ಬ್ರಾಹ್ಮಣನ ಮಾತು ಕ್ಷೌರದ ಕತ್ತಿ, ಹೃದಯ ಬೆಣ್ಣೆ, ಕ್ಷತ್ರಿಯನದು ಅದರ ಉಲ್ಟಾ ಅಂತ ಕಾರಣ ಕೊಡುತ್ತಾನೆ. ತಪ್ಪು ನಿನ್ನದೇ ಆಗಿತ್ತಲ್ಲ, ನಿನ್ನ ಶಾಪ ನನಗೆ ತಟ್ಟಲ್ಲ ಅಂತ ಹುಡುಗ ಹೊರಟುಬಿಡುತ್ತಾನೆ. ಊಟದ ವಿಷಯಕ್ಕೆ ಶುರುವಾದ ಜಗಳ ಎಲ್ಲಿಗೆ ಹೋಯಿತು! ಇದನ್ನು ಕಾದಂಬರಿಯಲ್ಲಿ ಪೂರ್ತಿ ಅಧ್ಯಾಯ ಮಾಡಿ, ನಗು ಬರಬೇಕು, ಕೊನೆಗೆ ಸ್ವಲ್ಪ ಹೆದರಿಕೆಯೂ ಆಗಬೇಕು. ಬಾಯಿಂದ ಬಂದ ಮಾತನ್ನು ಅಳಿಸಲು ಆಗದ ಲೋಕ ಅದು.

ಶುದ್ಧಿಯ ನಿಯಮ ಬಳಸುವಾಗ ಮಾತ್ರ ಯೋಚಿಸಿ ಬಳಸಿ. ಮಡಿ ಮೈಲಿಗೆ ಅನ್ನುವುದು ನಮ್ಮ ಊರುಗಳಲ್ಲಿ ಯಾರನ್ನು ಹೊರಗೆ ನಿಲ್ಲಿಸಿತ್ತು ಅಂತ ನಿಮ್ಮ ಓದುಗರಿಗೆ ಗೊತ್ತು. ಈ ಕತೆಯಲ್ಲಿ ಸಿಕ್ಕಿಬೀಳುವವನು ಸ್ವತಃ ಬ್ರಾಹ್ಮಣ ಹುಡುಗ, ಕಾರಣ ಅವನ ಅವಸರ. ಅದನ್ನೇ ಹಿಡಿದುಕೊಳ್ಳಿ, ಹುಟ್ಟಿಗೆ ತಗುಲಿಸಬೇಡಿ.

ಅಂದ ಹಾಗೆ ಸಗಣಿಯ ದೃಶ್ಯ ತೆಗೆಯಬೇಡಿ. ದೊಡ್ಡವರಿಗೆ ಮುಜುಗರ ಆಗಬಹುದು, 13ರ ಓದುಗನಿಗೆ ಅದೇ ಪುಸ್ತಕದ ಅತಿ ಒಳ್ಳೆಯ ಜಾಗ.

ಯಾರ ಕಣ್ಣಿಂದ ಹೇಳುತ್ತೀರಿ?

ಉತ್ತಂಕನೇ ನಾಯಕ ಆಗಬಹುದು, ಆದರೆ ಒಂದು ತೊಡಕಿದೆ. ಅವನು ಹೇಳಿದ್ದನ್ನು ಮಾಡುವ ಹುಡುಗ. ತಿನ್ನು ಅಂದರೆ ತಿನ್ನುತ್ತಾನೆ, ಊದು ಅಂದರೆ ಊದುತ್ತಾನೆ. ಕಷ್ಟ ಬಂದಾಗಲೆಲ್ಲ ಯಾರೋ ದೇವರು ಕೈ ಹಿಡಿಯುತ್ತಾನೆ. ಪುರಾಣಕ್ಕೆ ಅದು ಸರಿ. ಕಾದಂಬರಿಯಲ್ಲಿ ಹುಡುಗ ತಾನೇ ತೀರ್ಮಾನ ಮಾಡದಿದ್ದರೆ ಓದುವವರು ಬೇಜಾರಾಗಿ ಪುಸ್ತಕ ಮುಚ್ಚುತ್ತಾರೆ. ಹಾಗಾಗಿ ದೇವರು ಬರುವ ಪ್ರತಿ ಜಾಗದಲ್ಲೂ ಅದಕ್ಕೆ ಮುಂಚೆ ಹುಡುಗ ಏನಾದರೂ ಕಳೆದುಕೊಳ್ಳುವ ಹಾಗೆ ಮಾಡಿ. ವಜ್ರಾಯುಧ ಕೋಲಿಗೆ ಸೇರುವ ಮುಂಚೆ ಅವನ ಕೈ ಬೊಬ್ಬೆ ಬಂದು ಒಡೆದಿರಲಿ, ಎರಡನೇ ಕತೆಯಲ್ಲಿ ಅವನು 35 ದಿನ ಅಗೆಯುತ್ತಾನೆ ಅಂತಲೇ ಇದೆ.

ಒಂದೇ ಸಾಲಿನಲ್ಲಿ ಬಂದು ಹೋಗುವವರ ಪಟ್ಟಿ ಮಾಡಿ ಅಂದೆನಲ್ಲ, ಅದು ಈಗ ಕೆಲಸಕ್ಕೆ ಬರುತ್ತದೆ. ನಾಗಲೋಕದಲ್ಲಿ ಉತ್ತಂಕ ಏನು ನೋಡುತ್ತಾನೆ ಗೊತ್ತಾ? ಇಬ್ಬರು ಹೆಂಗಸರು ಮಗ್ಗದಲ್ಲಿ ಕಪ್ಪು ಬಿಳಿ ನೂಲಿನ ಬಟ್ಟೆ ನೇಯುತ್ತಿದ್ದಾರೆ. 12 ಕಡ್ಡಿಗಳ ಒಂದು ಚಕ್ರವನ್ನು ಆರು ಹುಡುಗರು ತಿರುಗಿಸುತ್ತಿದ್ದಾರೆ. ಒಬ್ಬ ಮನುಷ್ಯ, ಅವನ ಹತ್ತಿರ ಒಂದು ಚಂದದ ಕುದುರೆ. ಕುದುರೆಯ ಹಿಂಭಾಗಕ್ಕೆ ಊದು ಅನ್ನುತ್ತಾನೆ ಅವನು (ಹೌದು, ಇದೂ ಮೂಲದಲ್ಲೇ ಇದೆ). ಊದಿದರೆ ಕುದುರೆಯ ಮೈಯ ರಂಧ್ರಗಳಿಂದೆಲ್ಲ ಹೊಗೆ, ಬೆಂಕಿ. ನಾಗಲೋಕ ಪೂರ್ತಿ ಹೊಗೆ ತುಂಬಿ ತಕ್ಷಕ ಹೆದರಿ ಹೊರಗೆ ಬಂದು ಕುಂಡಲ ಕೊಡುತ್ತಾನೆ. ಮನೆಗೆ ಹೋದ ಮೇಲೆ ಗುರು ವಿವರಿಸುತ್ತಾನೆ: ಹೆಂಗಸರು ಧಾತಾ ಮತ್ತು ವಿಧಾತಾ, ನೂಲು ಹಗಲು ರಾತ್ರಿ, ಚಕ್ರ ಒಂದು ವರ್ಷ, ಹುಡುಗರು ಆರು ಋತು, ಆ ಮನುಷ್ಯ ಮಳೆದೇವರು ಪರ್ಜನ್ಯ, ಕುದುರೆ ಅಗ್ನಿ. ಎತ್ತಿನ ಮೇಲಿದ್ದವನು ಇಂದ್ರ, ಎತ್ತು ಐರಾವತ, ಸಗಣಿ ಅಮೃತ. ಅದನ್ನು ತಿಂದಿದ್ದಕ್ಕೇ ನೀನು ನಾಗಲೋಕದಲ್ಲಿ ಸಾಯಲಿಲ್ಲ.

ಈ ವಿವರಣೆಯನ್ನು ಗುರುವಿನ ಬಾಯಿಂದ ಹೇಳಿಸಬೇಡಿ. ಹನ್ನೆರಡು ಕಡ್ಡಿ, ಆರು ಹುಡುಗರು, ಇದನ್ನು ಓದುವ ಮಕ್ಕಳು ತಾವೇ ಬಿಡಿಸುತ್ತಾರೆ. ಒಬ್ಬ ಹುಡುಗನ ಮೈ ಯಾವಾಗಲೂ ಒದ್ದೆ, ಒಬ್ಬನ ತುಟಿ ಒಡೆದಿದೆ ಅಂತ ಬರೆದರೆ ಸಾಕು.

ನನ್ನನ್ನು ಕೇಳಿದರೆ ಆ ಆರರಲ್ಲಿ ಒಬ್ಬನನ್ನು ಎತ್ತಿಕೊಳ್ಳಿ. ಮಳೆಗಾಲದ ಹುಡುಗ ಹೊಗೆಗೆ ಹೆದರಿ ಚಕ್ರ ಬಿಟ್ಟು ಓಡಿದ ಅಂತ ಇಟ್ಟುಕೊಳ್ಳಿ. ಮೇಲೆ ಭೂಮಿಯಲ್ಲಿ ಆ ವರ್ಷ ಮಳೆ ಇಲ್ಲ. ಅಥವಾ ಹೊಗೆ ತುಂಬಿದ ಮನೆಯೊಳಗೆ ಇದ್ದ ಒಬ್ಬ ನಾಗರ ಹುಡುಗಿ. ಅವಳಿಗೆ ಕುಂಡಲ ಯಾರದು, ದಕ್ಷಿಣೆ ಏನು, ಒಂದೂ ಗೊತ್ತಿಲ್ಲ. ಮೇಲಿಂದ ಯಾರೋ ಒಬ್ಬ ಬಂದು ಊರಿಗೆ ಹೊಗೆ ಹಾಕಿದ, ಅಷ್ಟೇ ಅವಳಿಗೆ ಗೊತ್ತಿರುವುದು. ಉತ್ತಂಕ ಒಂದು ಅಧ್ಯಾಯ, ಅವಳು ಒಂದು ಅಧ್ಯಾಯ ಅಂತ ಹೇಳಿಸಿದರೆ ಓದುಗರು ಯಾರ ಕಡೆ ನಿಲ್ಲಬೇಕು ಅಂತ ಒದ್ದಾಡುತ್ತಾರೆ. ಒದ್ದಾಡಲಿ.

ತಕ್ಷಕನಿಗೂ ಒಂದು ಬಾಕಿ ಇದೆ

ತಕ್ಷಕ ಯಾಕೆ ಹೀಗಾದ? ಖಾಂಡವವನ ಅವನ ಮನೆ. ಅಗ್ನಿಯ ಹಸಿವಿಗಾಗಿ ಕೃಷ್ಣ ಮತ್ತು ಅರ್ಜುನ ಅದನ್ನು ಸುಟ್ಟಾಗ ಅವನು ಅಲ್ಲಿರಲಿಲ್ಲ, ಕುರುಕ್ಷೇತ್ರಕ್ಕೆ ಹೋಗಿದ್ದ. ಹೆಂಡತಿ ಮಗ ಅಶ್ವಸೇನನನ್ನು ನುಂಗಿಕೊಂಡು ಹಾರಿ ಪಾರಾಗಲು ನೋಡಿದಳು, ಅರ್ಜುನನ ಬಾಣಕ್ಕೆ ಸತ್ತಳು. ಮಗ ಉಳಿದ. ಅರ್ಜುನನ ಮೊಮ್ಮಗ ಪರೀಕ್ಷಿತ. ಅವನು ಧ್ಯಾನದಲ್ಲಿದ್ದ ಶಮೀಕ ಋಷಿಯ ಕೊರಳಿಗೆ ಸತ್ತ ಹಾವು ಹಾಕಿದ್ದಕ್ಕೆ ಋಷಿಯ ಮಗ ಶೃಂಗಿ, ಅವನೂ ಹುಡುಗನೇ, ಗೆಳೆಯ ಹಂಗಿಸಿದ ಅಂತ ಸಿಟ್ಟಾಗಿ, ಏಳು ದಿನದಲ್ಲಿ ತಕ್ಷಕ ಕಚ್ಚಿ ಸಾಯಿ ಅಂತ ಶಾಪ ಕೊಟ್ಟ. ಅಪ್ಪ ಶಮೀಕ ಮಗನಿಗೆ ಬೈದ, ಆದರೆ ಮಾತು ಹೋಗಿ ಆಗಿತ್ತು. ಪರೀಕ್ಷಿತನ ಮಗ ಜನಮೇಜಯ. ಉತ್ತಂಕ ಕುಂಡಲ ಕೊಟ್ಟ ಮೇಲೆ ಸುಮ್ಮನಿರದೆ ಹಸ್ತಿನಾಪುರಕ್ಕೆ ಹೋಗಿ, ನಿನ್ನ ಅಪ್ಪನನ್ನು ಕೊಂದವನನ್ನು ಸುಮ್ಮನೆ ಬಿಟ್ಟಿದ್ದೀಯಲ್ಲ ಅಂತ ಜನಮೇಜಯನನ್ನು ಎಬ್ಬಿಸುತ್ತಾನೆ. ಅಲ್ಲಿಂದ ಹಾವುಗಳನ್ನೇ ಬೆಂಕಿಗೆ ಹಾಕುವ ಸರ್ಪಯಾಗ. ಅದನ್ನು ನಿಲ್ಲಿಸುವವನು ಆಸ್ತೀಕ, ನಾಗಕನ್ಯೆಯ ಮಗ, ಅವನೂ ಚಿಕ್ಕವನೇ. ಶುರು ಮಾಡಿದ್ದು ಒಬ್ಬ ಹುಡುಗನ ಸಿಟ್ಟು, ನಿಲ್ಲಿಸಿದ್ದು ಇನ್ನೊಬ್ಬ ಹುಡುಗನ ಮಾತು. ದೊಡ್ಡವರು ನಡುವೆ ತುಪ್ಪ ಸುರಿಯುತ್ತಿದ್ದರು ಅಷ್ಟೇ.

ಇಷ್ಟು ತಿಳಿದ ಮೇಲೂ ತಕ್ಷಕನನ್ನು ಬರೀ ಕೆಟ್ಟವನಾಗಿ ಬರೆದರೆ ಅದು ಸೋಮಾರಿತನ. ನಮ್ಮಲ್ಲಿ ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುತ್ತಾರೆ, ಕರಾವಳಿಯಲ್ಲಿ ಪ್ರತಿ ಕುಟುಂಬಕ್ಕೂ ಅನ್ನುವಷ್ಟು ನಾಗಬನಗಳಿವೆ. ನಾಗ ಅಂದರೆ ಬರೀ ವಿಷ ಅಂತ ಬರೆದರೆ ನಿಮ್ಮ ಓದುಗರ ಅಜ್ಜಿಯೇ ಒಪ್ಪಲ್ಲ.

ಇದಕ್ಕೆ ಒಂದು ಅಭ್ಯಾಸ ಇದೆ. ತಾಳಮದ್ದಳೆ ಕೇಳಿದ್ದೀರಾ? ಯಕ್ಷಗಾನದ್ದೇ ಒಂದು ಬಗೆ, ವೇಷ ಇಲ್ಲ, ಕುಣಿತ ಇಲ್ಲ, ಹಾಡಿನ ನಡುವೆ ಕೂತು ಮಾತು. ಅರ್ಥಧಾರಿ ಇವತ್ತು ಕೃಷ್ಣನಾದರೆ ನಾಳೆ ಕೌರವ, ಯಾವ ಪಾತ್ರ ಸಿಕ್ಕಿದರೂ ಅದರ ಪರವಾಗಿ ಸೋಲದೆ ವಾದ ಮಾಡಬೇಕು. ಹಾಗೇ ತಕ್ಷಕನ ಪರವಾಗಿ ಎರಡು ಪುಟ ಬರೆಯಿರಿ. ಆಮೇಲೆ ಉತ್ತಂಕನಿಂದ ಉತ್ತರ ಕೊಡಿಸಿ. ಉತ್ತಂಕ ತೀರಾ ಸುಲಭವಾಗಿ ಗೆದ್ದರೆ ತಕ್ಷಕನ ಪುಟಗಳನ್ನು ಮತ್ತೆ ಬರೆಯಿರಿ. ಇದರಲ್ಲಿ ನಾಲ್ಕು ಸಾಲು ಮಾತ್ರ ಕಾದಂಬರಿಗೆ ಬರಬಹುದು, ಪರವಾಗಿಲ್ಲ.

ನಾಗಲೋಕದೊಳಗೆ ರಾಜಕೀಯವೂ ಸಿಗುತ್ತದೆ. ಉತ್ತಂಕ ನಾಗಗಳನ್ನು ಹೊಗಳುವ ಶ್ಲೋಕಗಳಲ್ಲಿ ತಕ್ಷಕನ ತಮ್ಮ ಶ್ರುತಸೇನನ ಹೆಸರು ಬರುತ್ತದೆ, ನಾಗರ ಮುಖ್ಯಸ್ಥ ಆಗಬೇಕು ಅಂತ ಕಾದು ಕೂತವನು. ಅಣ್ಣನ ಕುರ್ಚಿ ಮೇಲೆ ತಮ್ಮನ ಕಣ್ಣು. ಇನ್ನೇನು ಬೇಕು?

ಭಾಷೆ ಮತ್ತು ಅಳತೆ

ಎಲೈ ಬಾಲಕನೇ, ಕೇಳುವಂಥವನಾಗು ಅನ್ನುವ ಭಾಷೆ ಬೇಡ. ಹಾಗಂತ ಬ್ರೋ, ಚಿಲ್ ಅಂತ ಋಷಿಯ ಬಾಯಲ್ಲಿ ಹಾಕಿಸುವುದೂ ಬೇಡ, ಎರಡು ವರ್ಷಕ್ಕೆ ಹಳತಾಗುತ್ತದೆ. ಮನೆಯಲ್ಲಿ ಆಡುವ ಕನ್ನಡ, ವಾಕ್ಯ ಗಿಡ್ಡ. ಉದಾಹರಣೆಗೆ ರಾಣಿ ಕಾಣದ ದೃಶ್ಯ ಹೀಗಿರಬಹುದು.

“ಒಳಗೆ ಯಾರೂ ಇಲ್ಲ,” ಅಂದ ಉತ್ತಂಕ.
“ಇದ್ದಾಳೆ. ಈಗಷ್ಟೇ ಮಾತಾಡಿ ಬಂದೆ,” ಅಂದ ರಾಜ. “ದಾರಿಯಲ್ಲಿ ಏನು ತಿಂದೆ?”
ಉತ್ತಂಕ ಹೇಳಲಿಲ್ಲ.
“ಸರಿ, ಹೇಳಬೇಡ. ಬಾಯಿ ತೊಳೆದೆಯಾ?”
“ತೊಳೆದೆ.”
“ಕೂತು ತೊಳೆದೆಯಾ, ಓಡ್ತಾ ತೊಳೆದೆಯಾ?”

ರಾಜ ರಾಜನ ಹಾಗೇ ಇದ್ದಾನೆ, ಹುಡುಗ ಹುಡುಗನ ಹಾಗೆ, ನಿಯಮವೂ ಗೊತ್ತಾಯಿತು. ವರ್ಣನೆಗೆ ಜಾಗ ಬಿಡುವುದು ನಾಗಲೋಕದಲ್ಲಿ ಮಾತ್ರ. ಅಲ್ಲಿ ಚಿನ್ನದ ಗೋಡೆ, ಸ್ಫಟಿಕದ ಮೆಟ್ಟಿಲ ಕೊಳ ಎಲ್ಲ ಮೂಲದಲ್ಲೇ ಇವೆ. ನೀವು ಸೇರಿಸಬೇಕಾದದ್ದು ಮೂಲದಲ್ಲಿ ಇಲ್ಲದ್ದು: ವಾಸನೆ, ತಣ್ಣಗೆ ಕಾಲಿಗೆ ತಾಗುವ ನೆಲ, ಕಾಲಿಲ್ಲದವರ ಊರಿನಲ್ಲಿ ಮೆಟ್ಟಿಲು ಯಾಕೆ ಕಟ್ಟಿದರು ಅನ್ನುವ ಪ್ರಶ್ನೆ. ಇಂಥ ಪ್ರಶ್ನೆಯಿಂದ ಒಂದು ಅಧ್ಯಾಯವೇ ಹುಟ್ಟಬಹುದು.

ಉದ್ದ 40,000 ಪದ ಸಾಕು. ದಿನಕ್ಕೊಂದು ಭಾಗ, ಒಟ್ಟು ನಾಲ್ಕು. ಮೊದಲ ದಿನ ಬೇಗ ಮುಗಿಯಲಿ, ಮೂರನೇ ದಿನ ನಾಗಲೋಕದಲ್ಲಿ ಉದ್ದಕ್ಕೆ ಹರಡಲಿ, ನಾಲ್ಕನೇ ದಿನ ಮತ್ತೆ ಗಿಡ್ಡ. ಮೂಲದಲ್ಲಿ ಅವನು ತಲುಪುವಾಗ ಗುರುಪತ್ನಿ ಸ್ನಾನ ಮಾಡಿ ತಲೆ ಬಾಚುತ್ತಾ, ಇನ್ನೂ ಬರಲಿಲ್ಲವಲ್ಲ ಅಂತ ಶಾಪ ಕೊಡುವ ಯೋಚನೆಯಲ್ಲಿರುತ್ತಾಳೆ. ಅಷ್ಟು ಹತ್ತಿರ ತಂದು ನಿಲ್ಲಿಸಿ.

ಸರ್ಪಯಾಗವನ್ನು ಈ ಪುಸ್ತಕದಲ್ಲಿ ತರಬೇಡಿ, ಅದು ಎರಡನೆಯದಕ್ಕೆ ಇರಲಿ. ಉತ್ತಂಕ ಕುಂಡಲ ಕೊಟ್ಟು, ಊಟಕ್ಕೂ ಕೂರದೆ ಹಸ್ತಿನಾಪುರದ ದಾರಿ ಹಿಡಿಯುವಲ್ಲಿಗೆ ಮುಗಿಸಿ. ಆಮೇಲೆ ಹಸ್ತಪ್ರತಿಯನ್ನು ಸಾಹಿತಿ ಗೆಳೆಯರಿಗೆ ಕೊಡುವ ಮುಂಚೆ 13ರಿಂದ 16ರ ಒಳಗಿನ ಒಬ್ಬಿಬ್ಬರಿಗೆ ಕೊಡಿ. ಹೇಗಿದೆ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಯಾವ ಪುಟದಲ್ಲಿ ಫೋನ್ ಎತ್ತಿಕೊಂಡೆ ಅಂತ ಕೇಳಿ, ಆ ಪುಟಕ್ಕಿಂತ ನಾಲ್ಕು ಪುಟ ಹಿಂದಿನಿಂದ ತಿದ್ದಲು ಶುರು ಮಾಡಿ.